ಹಳೆಯ ಹೋಮ್ ಕಂಪ್ಯೂಟರಿನಲ್ಲಿ ಮತ್ತೆ ಬೇಸಿಕ್ ಬರೆಯುವ ಆಸೆಯೇ? ನಾಲ್ಕರಲ್ಲಿ ಯಾವುದನ್ನು ಆರಿಸಬೇಕು

ಎಂಬತ್ತರ ದಶಕದ ಹೋಮ್ ಕಂಪ್ಯೂಟರ್ ಒಂದನ್ನು ಮತ್ತೆ ಹಿಡಿದು ಬೇಸಿಕ್ ಭಾಷೆಯಲ್ಲಿ ನಾಲ್ಕು ಸಾಲು ಪ್ರೋಗ್ರಾಮ್ ಬರೆಯೋಣ ಎಂದುಕೊಂಡವರು ಮೊದಲು ತಡವರಿಸುವುದು ಯಂತ್ರದ ಆಯ್ಕೆಯಲ್ಲೇ. ಹೆಚ್ಚಿನವರ ಮುಂದೆ ನಾಲ್ಕು ಹೆಸರುಗಳಿರುತ್ತವೆ: ಜೆಡ್‌ಎಕ್ಸ್81, ಜೆಡ್‌ಎಕ್ಸ್ ಸ್ಪೆಕ್ಟ್ರಮ್, ಕಮಡೋರ್ 64, ಬಿಬಿಸಿ ಮೈಕ್ರೊ. ನಾಲ್ಕೂ 1981-82ರಲ್ಲಿ ಮಾರುಕಟ್ಟೆಗೆ ಬಂದವು. ನಾಲ್ಕಕ್ಕೂ ಇಂದು ಒಳ್ಳೆಯ ಎಮ್ಯುಲೇಟರ್ (ಇಂದಿನ ಕಂಪ್ಯೂಟರಿನಲ್ಲಿ ಹಳೆಯ ಯಂತ್ರದಂತೆ ನಡೆಯುವ ಪ್ರೋಗ್ರಾಮ್) ಇದೆ, ರಿಪೇರಿಯ ತಿಳಿವಳಿಕೆ ಇದೆ, ಈಗಲೂ ಹೊಸದಾಗಿ ಬರೆಯುವವರಿದ್ದಾರೆ.

ಪೆಟ್ಟಿಗೆಯ ಮೇಲೆ ಬರೆದ ಕೆಬಿ ನೋಡಿ ಆರಿಸಬೇಡಿ. 64 ಕೆಬಿ ಇದ್ದದ್ದು 32 ಕೆಬಿ ಇದ್ದದ್ದಕ್ಕಿಂತ ಎರಡು ಪಟ್ಟು ಅನುಕೂಲ ಎಂದೇನಿಲ್ಲ. ಈ ಯಂತ್ರಗಳಲ್ಲಿ ಯಾವುದರಲ್ಲೂ ಮೆಮೊರಿ ಸಾಲುವುದಿಲ್ಲ, ಆದರೆ ಒಂದೊಂದರಲ್ಲಿ ಸಾಲದಿರುವ ಬಗೆ ಬೇರೆ. ಒಂದರಲ್ಲಿ ಬೈಟ್ ಎಣಿಸಬೇಕು, ಇನ್ನೊಂದರಲ್ಲಿ ಪರದೆಯ ಜೊತೆ ಗುದ್ದಾಡಬೇಕು, ಮತ್ತೊಂದರಲ್ಲಿ ಭಾಷೆಯೇ ಕೈಕೊಡುತ್ತದೆ. ಯಾವ ಕೊರತೆಯ ಜೊತೆ ಸಂಜೆಗಳನ್ನು ಕಳೆಯಲು ನಿಮಗೆ ಇಷ್ಟ ಎನ್ನುವುದೇ ನಿಜವಾದ ಆಯ್ಕೆ.

ಅಳೆಯಲು ಐದು ವಿಷಯ ಇಟ್ಟುಕೊಳ್ಳಿ. ಪರದೆ ತನ್ನ ಪಾಲು ತೆಗೆದುಕೊಂಡ ಮೇಲೆ ನಿಮ್ಮ ಪ್ರೋಗ್ರಾಮಿಗೆ ಎಷ್ಟು ಬೈಟ್ ಉಳಿಯುತ್ತದೆ? ಚಿತ್ರ, ಸದ್ದು, ಕ್ರಮಬದ್ಧ ಬರವಣಿಗೆಗೆ ಅಲ್ಲಿನ ಬೇಸಿಕ್ ಎಷ್ಟು ನೆರವಾಗುತ್ತದೆ? ಕನ್ನಡ ಅಕ್ಷರವೊಂದನ್ನು ಮೂಡಿಸಲು ಎಷ್ಟು ಶ್ರಮ? ಬರೆದದ್ದನ್ನು ಉಳಿಸುವುದು, ಮರಳಿ ತರುವುದು ಹೇಗೆ? ಅಸಲಿ ಯಂತ್ರವೇ ಬೇಕೆಂದರೆ ಮೊದಲು ಕೆಡುವುದು ಯಾವ ಭಾಗ?

ಮೂರನೆಯದು ಇಂಗ್ಲೆಂಡಿನವರು ಕೇಳದ ಪ್ರಶ್ನೆ, ನಾವು ಕೇಳಲೇಬೇಕಾದದ್ದು. ಈ ಯಂತ್ರಗಳ ಅಕ್ಷರ ಅಡ್ಡ ಎಂಟು, ಉದ್ದ ಎಂಟು ಚುಕ್ಕಿಯ ಚೌಕ. ಸಾಲಿಗೆ ಒಂದು ಬೈಟ್, ಅಕ್ಷರಕ್ಕೆ ಎಂಟು. ಎಡದ ಚುಕ್ಕಿಗೆ 128, ಆಮೇಲೆ 64, 32, 16, 8, 4, 2, 1; ಹೊತ್ತಿಸಬೇಕಾದ ಚುಕ್ಕಿಗಳ ಬೆಲೆ ಕೂಡಿಸಿದರೆ ಸಾಲಿನ ಬೈಟ್. ‘ಠ’ ಅಕ್ಷರವನ್ನೇ ತೆಗೆದುಕೊಳ್ಳಿ. ತಲೆಕಟ್ಟಿಗೆ 126, ಅದು ದುಂಡಿಗೆ ಅಂಟುವ ಕುತ್ತಿಗೆಗೆ 24, ದುಂಡಿನ ಮೇಲ್ಭಾಗ 60, ಪಕ್ಕಗಳು 66, ನಡುವೆ ಚುಕ್ಕಿ ಇರುವ ಸಾಲು 90, ಮತ್ತೆ 66, ತಳ 60, ಕೊನೆಗೆ ಖಾಲಿ ಸಾಲು 0. ಈ ಎಂಟು ಸಂಖ್ಯೆಗಳನ್ನು ಕೈಯಲ್ಲಿ ಹಿಡಿದುಕೊಂಡೇ ನಾಲ್ಕೂ ಯಂತ್ರಗಳ ಬಾಗಿಲು ತಟ್ಟೋಣ.

ಜೆಡ್‌ಎಕ್ಸ್81: ಬೈಟ್ ಎಣಿಸುವವರಿಗೆ

1981ರ ಮಾರ್ಚ್‌ನಲ್ಲಿ ಬಂದಾಗ ಜೋಡಿಸಿದ ಯಂತ್ರಕ್ಕೆ 69.95 ಪೌಂಡ್, ಕಿಟ್ ಆದರೆ 49.95. ಒಳಗೆ 1 ಕೆಬಿ, ಅಂದರೆ 1024 ಬೈಟ್. ಅದರಲ್ಲಿ 125 ಬೈಟ್ ವ್ಯವಸ್ಥೆಯ ಲೆಕ್ಕಪತ್ರಕ್ಕೆ ಹೋಗುತ್ತದೆ. ಪರದೆಯ 24 ಸಾಲೂ ತುಂಬಿದರೆ ಅದಕ್ಕೇ 793 ಬೈಟ್. ಉಳಿಯುವುದು 106, ಪ್ರೊಸೆಸರ್ ತಾತ್ಕಾಲಿಕ ಲೆಕ್ಕ ಇಟ್ಟುಕೊಳ್ಳುವ ಸ್ಟ್ಯಾಕ್ ಕೂಡ ಅದರಲ್ಲೇ. ಅದಕ್ಕಾಗಿಯೇ 1 ಕೆಬಿ ಯಂತ್ರ ಖಾಲಿ ಸಾಲುಗಳನ್ನು ಮಡಚಿಟ್ಟು, ಬರೆದಷ್ಟಕ್ಕೆ ಮಾತ್ರ ಜಾಗ ಕೊಡುತ್ತದೆ. ಪರದೆಯ ಬಲಗಡೆ ಒಂದು ಅಕ್ಷರ ಮೂಡಿಸಿದರೆ ಅದರ ಎಡಕ್ಕಿರುವ ಖಾಲಿ ಜಾಗಗಳಿಗೂ ಬೈಟ್ ತೆರಬೇಕು. ಆಟದ ಅಂಗಳವನ್ನು ಎಡ ಮೂಲೆಗೆ ಒತ್ತರಿಸಿ ಬರೆಯುವುದು ಇದಕ್ಕೇ.

ಇಲ್ಲಿ ಒಂದು ಸಾಲನ್ನು ಹತ್ತಿರದಿಂದ ನೋಡಬೇಕು. ‘10 ಲೆಟ್ ಎ=0’ ಎಂಬ ಸಾಲಿಗೆ ಸಾಲಿನ ಸಂಖ್ಯೆ 2 ಬೈಟ್, ಉದ್ದ 2, ಲೆಟ್ ಎಂಬ ಇಡೀ ಪದಕ್ಕೆ 1, ಎ ಅಕ್ಷರಕ್ಕೆ 1, ಸಮ ಚಿಹ್ನೆಗೆ 1, ಸೊನ್ನೆಗೆ 1. ಆ ಸೊನ್ನೆಯ ಬೆನ್ನಿಗೆ ಕಣ್ಣಿಗೆ ಕಾಣದ 6 ಬೈಟ್ ಬರುತ್ತದೆ: ಗುರುತಿಗೆ ಒಂದು, ಸಂಖ್ಯೆಯ ಒಳರೂಪಕ್ಕೆ ಐದು. ಕೊನೆಗೆ ಸಾಲು ಮುಗಿಸಲು 1. ಒಟ್ಟು 15. ಅದೇ ಸೊನ್ನೆಯ ಬದಲು ‘ನಾಟ್ ಪೈ’ ಎಂದು ಬರೆದರೆ ಎರಡು ಪದ, ಎರಡೇ ಬೈಟ್. ಸಾಲು 10ಕ್ಕೆ ಇಳಿಯುತ್ತದೆ. 1 ಬೇಕಿದ್ದರೆ ‘ಎಸ್‌ಜಿಎನ್ ಪೈ’, 3 ಬೇಕಿದ್ದರೆ ‘ಇಂಟ್ ಪೈ’. 100ನೇ ಸಾಲಿಗೆ ಹಾರಲು ‘ಗೋಟು ವ್ಯಾಲ್ "100"’ ಎಂದರೆ ಮೂರು ಬೈಟ್ ಉಳಿತಾಯ. ಇದಕ್ಕೆ ತೆರುವುದು ವೇಗವನ್ನು: ವ್ಯಾಲ್ ಪ್ರತಿ ಸಲವೂ ಆ ಅಕ್ಷರಗಳನ್ನು ಓದಿ ಸಂಖ್ಯೆ ಮಾಡಬೇಕು. ವೇಗ ಬೇಕಾದ ಲೂಪಿನ ಒಳಗೆ ಅದನ್ನು ಇಡಬೇಡಿ. ಈ 1 ಕೆಬಿಯಲ್ಲಿ, ಪ್ರೊಸೆಸರಿಗೆ ನೇರ ಅರ್ಥವಾಗುವ ಯಂತ್ರಭಾಷೆಯ 672 ಬೈಟಿನೊಳಗೆ ಚೆಸ್ ಆಡುವ ಪ್ರೋಗ್ರಾಮ್ ಬರೆದವರಿದ್ದಾರೆ. ಆ ಕೆಲಸದ ಅಂದ ಈ ಯಂತ್ರದಲ್ಲಿ ಕೈಯಾಡಿಸಿದವರಿಗೇ ಪೂರ್ತಿ ಗೊತ್ತಾಗುವುದು.

ಕೊರತೆಗಳೂ ಅಷ್ಟೇ ದೊಡ್ಡವು. ಬಣ್ಣವಿಲ್ಲ, ಸದ್ದಿಲ್ಲ. ಪರದೆ ಸ್ಥಿರವಾಗಿ ಕಾಣುವ ‘ಸ್ಲೋ’ ಸ್ಥಿತಿಯಲ್ಲಿ ಪ್ರೊಸೆಸರಿನ ಸಮಯದ ಮುಕ್ಕಾಲು ಪಾಲು ಚಿತ್ರ ತೋರಿಸುವುದಕ್ಕೇ ಹೋಗುತ್ತದೆ. ‘ಫಾಸ್ಟ್’ ಎಂದರೆ ಲೆಕ್ಕ ಮುಗಿಯುವವರೆಗೆ ಪರದೆ ಮಾಯ. ಅಕ್ಷರಗಳ ಆಕಾರ ಬದಲಿಸಲಾಗದ ರೋಮ್ ಚಿಪ್‌ನಲ್ಲೇ ಅಚ್ಚಾಗಿರುವುದರಿಂದ ನಮ್ಮ ‘ಠ’ಗೆ ಇಲ್ಲಿ ಮಾಮೂಲಿ ದಾರಿಯಲ್ಲಿ ಪ್ರವೇಶವೇ ಇಲ್ಲ. 16 ಕೆಬಿಯ ರ‍್ಯಾಮ್ ಪ್ಯಾಕ್ ಹಿಂದೆ ಸಿಕ್ಕಿಸಬಹುದು, ಆದರೆ ಅದು ಸ್ವಲ್ಪ ಅಲುಗಿದರೂ ಯಂತ್ರ ನಿಂತು ಬರೆದದ್ದೆಲ್ಲ ಹೋಗುತ್ತದೆ. ಅಂಚಿನ ಕನೆಕ್ಟರನ್ನು ಐಸೊಪ್ರೊಪಿಲ್ ಆಲ್ಕೊಹಾಲಿನಲ್ಲಿ ಒರೆಸಿ, ಪ್ಯಾಕ್ ಕೆಳಗೆ ಆಧಾರ ಕೊಟ್ಟರೆ ಸಾಕಷ್ಟು ಸರಿಹೋಗುತ್ತದೆ. ಎಮ್ಯುಲೇಟರ್ ಬಳಸುವವರು ಒಂದು ಗಮನಿಸಿ: ಅದು 16 ಕೆಬಿ ಹಾಕಿಕೊಂಡು ತೆರೆದಿದ್ದರೆ ಮೊದಲು 1 ಕೆಬಿಗೆ ಇಳಿಸಿ. ಇಲ್ಲದಿದ್ದರೆ ಪರದೆ ಮಡಚುವ ಆಟವೇ ನಡೆಯುವುದಿಲ್ಲ.

ಜೆಡ್‌ಎಕ್ಸ್ ಸ್ಪೆಕ್ಟ್ರಮ್: ಪರದೆಯೇ ಪಾಠ

1982ರ ಏಪ್ರಿಲ್‌ನಲ್ಲಿ 16 ಕೆಬಿಗೆ 125 ಪೌಂಡ್, 48 ಕೆಬಿಗೆ 175. ಇಂದು ಆರಿಸುವುದಾದರೆ 48 ಕೆಬಿಯೇ ಸರಿ. 16ರಲ್ಲಿ ಬೇಸಿಕ್‌ಗೆ ಸಿಗುವುದು 9 ಕೆಬಿಯ ಆಸುಪಾಸು, 48ರಲ್ಲಿ 41 ಕೆಬಿ. ಭಾರತದಲ್ಲೂ ಇದು ಡಿಬಿ ಸ್ಪೆಕ್ಟ್ರಮ್ ಎಂಬ ಹೆಸರಿನಲ್ಲಿ ಪರವಾನಗಿಯಡಿ ತಯಾರಾಗಿತ್ತು.

ಪರದೆಗೆ 6912 ಬೈಟ್: ಚುಕ್ಕಿಗಳಿಗೆ 6144, ಬಣ್ಣಕ್ಕೆ 768. ಎಂಟೆಂಟರ ಒಂದು ಚೌಕಕ್ಕೆ ಎರಡೇ ಬಣ್ಣ. ಕೆಂಪು ಹಕ್ಕಿ ಹಸಿರು ಮರದ ಮುಂದೆ ಹಾರಿದರೆ ಹಕ್ಕಿಯೂ ಹಸಿರಾಗುತ್ತದೆ ಅಥವಾ ಮರದ ತುಂಡು ಕೆಂಪಾಗುತ್ತದೆ. ಇದನ್ನು ತಪ್ಪಿಸುವ ಉಪಾಯ ಹುಡುಕುವುದೇ ಸ್ಪೆಕ್ಟ್ರಮ್ ಬರವಣಿಗೆಯ ಅರ್ಧ ಸುಖ. ಎರಡನೆಯ ಕೊರತೆ ಸಮಯದ್ದು. ಸೆಕೆಂಡಿಗೆ 50 ಚಿತ್ರ, ಒಂದು ಚಿತ್ರಕ್ಕೆ ಪ್ರೊಸೆಸರಿಗೆ ಸಿಗುವುದು ಅದರ ಗಡಿಯಾರದ 69888 ಟಿಕ್. ಎಲ್‌ಡಿಐಆರ್ ಆದೇಶದಿಂದ ಒಂದು ಬೈಟ್ ನಕಲಿಸಲು 21 ಟಿಕ್ ಬೇಕು. ಇಡೀ ಪರದೆಗೆ 145152, ಅಂದರೆ ಎರಡು ಚಿತ್ರಕ್ಕಿಂತ ಹೆಚ್ಚು ಹೊತ್ತು. ಹಾಗಾಗಿ ಪೂರ್ತಿ ಪರದೆಯನ್ನು ನುಣುಪಾಗಿ ಸರಿಸುವುದು ಆಗದ ಮಾತು. ಬಣ್ಣದ 768 ಬೈಟ್ ಮಾತ್ರ ಸರಿಸಿದರೆ 16128 ಟಿಕ್‌ನಲ್ಲಿ ಮುಗಿಯುತ್ತದೆ. ಯಂತ್ರಭಾಷೆ ಬರೆಯುವವರು ‘ಕ್ಲಿಯರ್ 32767’ ಕೊಟ್ಟು 32768ರಿಂದ ಮೇಲೆ ಬರೆಯಿರಿ. ಅದರ ಕೆಳಗಿನ 16 ಕೆಬಿಯಲ್ಲಿ ಪರದೆಯ ಚಿಪ್ ಅಡ್ಡ ಬಂದು ಪ್ರೊಸೆಸರನ್ನು ನಿಲ್ಲಿಸುತ್ತಿರುತ್ತದೆ, ಅಳತೆ ಮಾಡಿದ ಸಮಯವೆಲ್ಲ ತಪ್ಪುತ್ತದೆ.

ಬೇಸಿಕ್ ಒಳ್ಳೆಯದು ಆದರೆ ನಿಧಾನ. ಸಾವಿರ ಸುತ್ತಿನ ಖಾಲಿ ಲೂಪಿಗೆ ನಾಲ್ಕೈದು ಸೆಕೆಂಡ್. ಗೆರೆ, ವೃತ್ತ, ಬಣ್ಣಕ್ಕೆ ಆದೇಶಗಳಿವೆ. ನಮ್ಮ ‘ಠ’ ಇಲ್ಲಿ ಸಲೀಸು: ಬಳಕೆದಾರರಿಗೆಂದೇ 21 ಚೌಕ ಇಟ್ಟಿದ್ದಾರೆ, ‘ಪೋಕ್ ಯುಎಸ್‌ಆರ್ "ಎ"+ಎನ್’ ಎಂದು ಎಂಟು ಸಲ ಬರೆದರೆ ಅಕ್ಷರ ಸಿದ್ಧ (ಪೋಕ್ ಎಂದರೆ ಮೆಮೊರಿಯ ಒಂದು ವಿಳಾಸದಲ್ಲಿ ಬೈಟ್ ಇಡುವ ಆದೇಶ). ಆದರೆ ವರ್ಣಮಾಲೆ 21ರಲ್ಲಿ ಮುಗಿಯುವುದಿಲ್ಲ. ಒತ್ತಕ್ಷರಕ್ಕೆ ಕೆಳಗೊಂದು ಚೌಕ ಬೇಕು, ಗುಣಿತಾಕ್ಷರಕ್ಕೆ ಬೇರೆ. ಪೂರ್ತಿ ಕನ್ನಡ ಬೇಕೆಂದರೆ 96 ಅಕ್ಷರಗಳ 768 ಬೈಟಿನ ಕೋಷ್ಟಕವನ್ನೇ ಹೊಸದಾಗಿ ಮಾಡಿ, 23606 ಮತ್ತು 23607ರಲ್ಲಿ ಅದರ ವಿಳಾಸ ಇಡಬೇಕು. ಕೋಷ್ಟಕ ಶುರುವಾಗುವ ಜಾಗಕ್ಕಿಂತ 256 ಕಡಿಮೆ ಮಾಡಿ ವಿಳಾಸ ಬರೆಯಬೇಕು ಎಂಬುದನ್ನು ಮರೆತವರಿಗೆ ಪರದೆ ತುಂಬ ಕಸ ಕಾಣುತ್ತದೆ.

ಟೇಪಿನ ವೇಗ ಸೆಕೆಂಡಿಗೆ ಸರಿಸುಮಾರು 1500 ಬಿಟ್. ಹಳೆಯ ಕ್ಯಾಸೆಟ್ ಪ್ಲೇಯರ್ ಬೇಕಿಲ್ಲ, ಫೋನಿನ ಹೆಡ್‌ಫೋನ್ ರಂಧ್ರದಿಂದ ಇಯರ್ ರಂಧ್ರಕ್ಕೆ ತಂತಿ ಕೊಟ್ಟರೆ ಸಾಕು. ಎಂಪಿ3 ಬೇಡ, ವೇವ್ ಕಡತವನ್ನೇ ನುಡಿಸಿ, ಈಕ್ವಲೈಸರ್ ನಿಲ್ಲಿಸಿ, ಧ್ವನಿ ಪೂರ್ತಿಗೆ ಹತ್ತಿರ ಇಡಿ, ನೋಟಿಫಿಕೇಶನ್ ಮುಚ್ಚಿ. ನಡುವೆ ಒಂದು ‘ಟಿಂಗ್’ ಬಂದರೂ ಲೋಡ್ ಕೆಡುತ್ತದೆ.

ಕಮಡೋರ್ 64: ಚಿಪ್ ಶ್ರೀಮಂತ, ಭಾಷೆ ಬಡವ

1982ರ ಆಗಸ್ಟ್‌ನಲ್ಲಿ 595 ಡಾಲರಿಗೆ ಬಂದದ್ದು. ಹೊತ್ತಿಸಿದರೆ 38911 ಬೈಟ್ ಖಾಲಿ ಇದೆ ಎನ್ನುತ್ತದೆ. ಪರದೆಯ ಮೇಲೆ ತಾನಾಗಿ ತೇಲುವ ಎಂಟು ಪುಟ್ಟ ಚಿತ್ರ, ಅಂದರೆ ಸ್ಪ್ರೈಟ್, ಮೂರು ದನಿಯ ಸಿಡ್ ಸಂಗೀತ ಚಿಪ್ ಇದೆ. ಸಂಗೀತಕ್ಕಾಗಿ ಹಳೆಯ ಯಂತ್ರ ಬೇಕೆನ್ನುವವರು ಉಳಿದ ಮೂರನ್ನು ನೋಡುವುದೇ ಬೇಡ.

ತೊಡಕು ಬೇಸಿಕ್‌ನದು. ಚಿತ್ರಕ್ಕಾಗಲಿ ಸದ್ದಿಗಾಗಲಿ ಒಂದೂ ಆದೇಶವಿಲ್ಲ, ಎಲ್ಲವೂ ಪೋಕ್. 24 ಅಡ್ಡ, 21 ಉದ್ದದ ಸ್ಪ್ರೈಟಿಗೆ 63 ಬೈಟ್. 832ರಿಂದ 894ರವರೆಗೆ 255 ತುಂಬಿ, 2040ರಲ್ಲಿ 13 ಇಡಿ (13ನ್ನು 64ರಿಂದ ಗುಣಿಸಿದರೆ 832), 53269ರಲ್ಲಿ 1, 53248ರಲ್ಲಿ 150, 53249ರಲ್ಲಿ 120. ತುಂಬಿದ ಚೌಕವೊಂದು ಪರದೆಯಲ್ಲಿ ನಿಲ್ಲುತ್ತದೆ. ಅದನ್ನು ಬಲಕ್ಕೆ ನಡೆಸಿದರೆ 255 ದಾಟಿದೊಡನೆ ‘ಇಲ್ಲೀಗಲ್ ಕ್ವಾಂಟಿಟಿ’ ಎಂದು ನಿಲ್ಲುತ್ತದೆ, ಏಕೆಂದರೆ ಪರದೆ 320 ಚುಕ್ಕಿ ಅಗಲ, ಬೈಟಿಗೆ 255ಕ್ಕಿಂತ ಹೆಚ್ಚು ಹಿಡಿಯದು. ಒಂಬತ್ತನೆಯ ಬಿಟ್ 53264ರಲ್ಲಿದೆ. ಹೊಸಬರು ಮೊದಲ ವಾರ ಎಡವುವುದು ಇಲ್ಲೇ.

‘ಠ’ ಬರೆಯಲು ಇಲ್ಲಿ ದೊಡ್ಡ ಸಂಭ್ರಮವೇ ನಡೆಯಬೇಕು. ಮೊದಲು ‘ಪೋಕ್ 52,48’, ‘ಪೋಕ್ 56,48’, ‘ಸಿಎಲ್‌ಆರ್’ ಕೊಟ್ಟು ಬೇಸಿಕನ್ನು 12288ರ ಕೆಳಗೆ ಕಟ್ಟಿಹಾಕಿ. 56334ರ ಕಡೆಯ ಬಿಟ್ ಸೊನ್ನೆ ಮಾಡಿ ಇಂಟರಪ್ಟ್ (ಕೀಬೋರ್ಡ್ ನೋಡಲು ಪ್ರೊಸೆಸರಿಗೆ ಆಗಾಗ ಬರುವ ಕರೆ) ನಿಲ್ಲಿಸಿ. ವಿಳಾಸ 1ರಲ್ಲಿ 4ರ ಬೆಲೆಯ ಬಿಟ್ ಸೊನ್ನೆ ಮಾಡಿ, ರೋಮ್‌ನ ಅಕ್ಷರಗಳನ್ನು 53248ರಿಂದ 12288ಕ್ಕೆ ನಕಲಿಸಿ, ಎರಡೂ ಬಿಟ್ ಮತ್ತೆ ಹೊತ್ತಿಸಿ. ಕೊನೆಗೆ 53272ರ ಮೇಲಿನ ನಾಲ್ಕು ಬಿಟ್ ಹಾಗೇ ಇಟ್ಟು 12 ಕೂಡಿಸಿ. ಇಂಟರಪ್ಟ್ ನಿಲ್ಲಿಸುವ ಹೆಜ್ಜೆ ಬಿಟ್ಟರೆ ಯಂತ್ರ ಅಲ್ಲೇ ಹೆಪ್ಪುಗಟ್ಟುತ್ತದೆ. ನಕಲು, ಬಿಟ್ ಮರಳಿಸುವ ಹೆಜ್ಜೆಗಳನ್ನು ಸಾಲಿನ ಸಂಖ್ಯೆ ಕೊಟ್ಟು ಒಂದೇ ಪ್ರೋಗ್ರಾಮಾಗಿ ಬರೆದು ಓಡಿಸಿ. ಒಂದೊಂದಾಗಿ ಟೈಪ್ ಮಾಡಲು ಹೋದರೆ ಇಂಟರಪ್ಟ್ ನಿಂತೊಡನೆ ಕೀಬೋರ್ಡೇ ಸತ್ತಿರುತ್ತದೆ. ಎಲ್ಲ ಮುಗಿದ ಮೇಲೆ ಬೇಸಿಕ್‌ಗೆ ಉಳಿದದ್ದು 10 ಕೆಬಿ ಮಾತ್ರ. 38911ರ ಹೆಮ್ಮೆ ಹೀಗೆ ಕರಗುತ್ತದೆ. ಪ್ರತಿಯಾಗಿ 256 ಅಕ್ಷರಗಳ ಪೂರ್ತಿ ಕೋಷ್ಟಕ ನಿಮ್ಮದು. ಒತ್ತು, ಗುಣಿತ ಎಲ್ಲಕ್ಕೂ ಜಾಗವಿದೆ.

1541 ಡಿಸ್ಕ್ ಡ್ರೈವ್ ಹೆಸರಿಗೆ ಡಿಸ್ಕ್, ವೇಗ ಸೆಕೆಂಡಿಗೆ 400 ಬೈಟಿನಷ್ಟು. ಅಸಲಿ ಯಂತ್ರ ಇದ್ದರೆ ಎಸ್‌ಡಿ2ಐಇಸಿ ಎಂಬ ಕಾರ್ಡ್ ಓದುವ ಸಾಧನ ಕೊಳ್ಳುವುದು ಲೇಸು. ಟೇಪ್ ರಂಧ್ರ ಡಿಜಿಟಲ್ ಆದ್ದರಿಂದ ಫೋನನ್ನು ನೇರ ಸಿಕ್ಕಿಸಲಾಗದು.

ಬಿಬಿಸಿ ಮೈಕ್ರೊ: ಭಾಷೆ ಅಂದರೆ ಇದು

1984ರಲ್ಲಿ ನಮ್ಮ ಸರ್ಕಾರ ಶಾಲೆಗಳಿಗೆ ಕಂಪ್ಯೂಟರ್ ಪರಿಚಯಿಸಲು ಕ್ಲಾಸ್ ಯೋಜನೆ ಶುರುಮಾಡಿದಾಗ ಬಂದದ್ದು ಈ ಯಂತ್ರ. ಇಲ್ಲಿಯೇ ಎಸ್‌ಸಿಎಲ್ ಸಂಸ್ಥೆ ಯೂನಿಕಾರ್ನ್ ಹೆಸರಿನಲ್ಲಿ ಇದನ್ನು ತಯಾರಿಸಿತ್ತು. ಆ ಕಾಲದಲ್ಲಿ ಶಾಲೆಯಲ್ಲಿದ್ದ ಹಲವರಿಗೆ ಮೊದಲ ಕಂಪ್ಯೂಟರ್ ಎಂದರೆ ಇದೇ. ನೆನಪಿಗಾಗಿ ಹುಡುಕುತ್ತಿದ್ದರೆ ಬೇರೆ ಕಾರಣ ಬೇಕಿಲ್ಲ.

ಸೋಫಿ ವಿಲ್ಸನ್ ಬರೆದ ಬಿಬಿಸಿ ಬೇಸಿಕ್‌ನಲ್ಲಿ ಹೆಸರಿಟ್ಟ ಪ್ರೊಸೀಜರ್, ಫಂಕ್ಷನ್, ರಿಪೀಟ್-ಅನ್‌ಟಿಲ್ ಇವೆ. ಚೌಕ ಆವರಣ ತೆರೆದರೆ ಬೇಸಿಕ್ ನಡುವೆಯೇ 6502 ಪ್ರೊಸೆಸರಿನ ಅಸೆಂಬ್ಲಿ (ಯಂತ್ರಭಾಷೆಯನ್ನು ಚಿಕ್ಕ ಪದಗಳಲ್ಲಿ ಬರೆಯುವ ಬಗೆ) ಬರೆಯಬಹುದು. ಸಾವಿರದ ಖಾಲಿ ಲೂಪ್ ಒಂದು ಸೆಕೆಂಡಿನಷ್ಟರಲ್ಲಿ ಮುಗಿಯುತ್ತದೆ. ಎ%ನಿಂದ ಜೆಡ್%ವರೆಗಿನ ಪೂರ್ಣಾಂಕಗಳಿಗೆ ನಿಶ್ಚಿತ ಜಾಗ ಇರುವುದರಿಂದ ಅವನ್ನು ಬಳಸಿದರೆ ಇನ್ನೂ ಬೇಗ. ಅಸೆಂಬ್ಲಿಯಲ್ಲಿ ಮುಂದಿನ ಲೇಬಲಿಗೆ ಹಾರುವಾಗ ಎರಡು ಸುತ್ತು ಬೇಕು: ಆಪ್ಟ್ ಬೆಲೆ ಮೊದಲ ಸುತ್ತಿಗೆ 0, ಎರಡನೆಯದಕ್ಕೆ 3, ಪ್ರತಿ ಸುತ್ತಿನಲ್ಲೂ ಯಂತ್ರಭಾಷೆ ಕೂರುವ ವಿಳಾಸವಾದ ಪಿ% ಮತ್ತೆ ಮೊದಲಿಗೆ. ಪಿ% ಮರಳಿಸದಿದ್ದರೆ ಎರಡನೆಯ ನಕಲು ಮೊದಲನೆಯದರ ಬಾಲಕ್ಕೆ ಅಂಟಿಕೊಳ್ಳುತ್ತದೆ.

‘ಠ’ಗೆ ಒಂದೇ ಸಾಲು: ‘ವಿಡಿಯು 23,224,126,24,60,66,90,66,60,0’. ಆಯಿತು. 224ರಿಂದ 255ರವರೆಗೆ 32 ಅಕ್ಷರ ಹೀಗೆ ಕೈಗೆ ಸಿಗುತ್ತವೆ. ಆದರೆ ಟೆಲಿಟೆಕ್ಸ್ಟ್ ಆದ ಮೋಡ್ 7ರಲ್ಲಿ ಇದು ನಡೆಯದು (ಮೋಡ್ ಎಂದರೆ ಪರದೆಯ ಬಗೆ).

ಇಲ್ಲಿನ ಕಷ್ಟ ಆ ಮೋಡ್‌ಗಳೇ. ಮಾಡೆಲ್ ಬಿಯ 32 ಕೆಬಿಯಲ್ಲೇ ಪರದೆಯೂ ಸೇರಿದೆ. 8 ಬಣ್ಣ ಮತ್ತು ಮಿನುಗುವ 8 ಬಣ್ಣಗಳ ಮೋಡ್ 2ಕ್ಕೆ 20 ಕೆಬಿ ಹೋಗುತ್ತದೆ. ಟೇಪ್ ಮಾತ್ರ ಇದ್ದರೆ ಪ್ರೋಗ್ರಾಮ್ 3584ರಿಂದ ಶುರು, ಪರದೆ 12288ರಿಂದ. ನಿಮಗೆ 8704 ಬೈಟ್. ಡಿಸ್ಕ್ ಸೇರಿಸಿದರೆ ಶುರುವೇ 6400ಕ್ಕೆ ಏರುತ್ತದೆ, ಉಳಿಯುವುದು 5888. ಡಿಸ್ಕ್ ಹಾಕಿಸಿಕೊಂಡು ಖುಷಿಪಟ್ಟವರ ಹಳೆಯ ಪ್ರೋಗ್ರಾಮ್ ‘ನೋ ರೂಮ್’ ಎಂದು ನಿಂತದ್ದು ಇದರಿಂದಲೇ. ಎರಡು ಬಣ್ಣದ ಮೋಡ್ 4 ಆದರೆ ಡಿಸ್ಕ್ ಇದ್ದೂ 16128 ಬೈಟ್, ಮೋಡ್ 7 ಆದರೆ 25344. ಪ್ರೋಗ್ರಾಮ್ ಬರೆಯುವ ಮೊದಲೇ ಎಷ್ಟು ಬಣ್ಣ ಎಂದು ತೀರ್ಮಾನಿಸಬೇಕು. 1984ರ ಎಲೀಟ್ ಆಟ ಈ ಇಕ್ಕಟ್ಟಿನಿಂದ ಪಾರಾದದ್ದು ಪರದೆಯ ಮೇಲ್ಭಾಗ ಮೋಡ್ 4ರಂತೆ, ಕೆಳಭಾಗ ಮೋಡ್ 5ರಂತೆ ಕಾಣುವ ಹಾಗೆ ಚಿತ್ರದ ನಡುವೆಯೇ ಮೋಡ್ ಬದಲಿಸಿ.

ಯಾರಿಗೆ ಯಾವುದು

ಮಗುವಿಗೆ ಕಲಿಸಬೇಕು, ಕಲಿತದ್ದು ಮುಂದೆಯೂ ಕೆಲಸಕ್ಕೆ ಬರಬೇಕು ಎಂದಿದ್ದರೆ ಬಿಬಿಸಿ ಮೈಕ್ರೊ, ಎರಡು ಮಾತಿಲ್ಲ. ಬಿಬಿಸಿ ಬೇಸಿಕ್ ಇಂದಿನ ವಿಂಡೋಸ್, ಲಿನಕ್ಸ್, ಆಂಡ್ರಾಯ್ಡ್‌ನಲ್ಲೂ ಓಡುತ್ತದೆ. ಅಸೆಂಬ್ಲಿ ಕಲಿಯುವುದೇ ಗುರಿಯಾದರೂ ಇದೇ, ಬೇರೆ ಸಾಧನ ಹುಡುಕುವ ಗೋಜಿಲ್ಲ. ಆಟ ಬರೆದು ಇತರರಿಗೆ ಹಂಚುವ ಆಸೆ, ಜೊತೆಗೆ ಜೆಡ್80 ಪ್ರೊಸೆಸರಿನ ಅಸೆಂಬ್ಲಿ ಕಲಿಯುವ ಹಂಬಲ ಇದ್ದರೆ ಸ್ಪೆಕ್ಟ್ರಮ್. ಸಂಗೀತ, ಸ್ಪ್ರೈಟ್ ಬೇಕು, ಪೋಕ್‌ಗಳ ಪಟ್ಟಿ ಮುಂದಿಟ್ಟುಕೊಂಡು ಕೂರುವ ತಾಳ್ಮೆ ಇದೆ ಎಂದರೆ ಕಮಡೋರ್. ಕನ್ನಡದ್ದೇ ಏನಾದರೂ ಮಾಡಬೇಕೆಂದವರು ಬಿಬಿಸಿಯಲ್ಲಿ ಕೆಲವೇ ಅಕ್ಷರಗಳಿಂದ ಶುರುಮಾಡಿ, ಪೂರ್ತಿ ಲಿಪಿ ಬೇಕೆನಿಸಿದಾಗ ಕಮಡೋರ್ ಕಡೆ ಹೋಗಿ. ವಾರಕ್ಕೆ ಒಂದೇ ಗಂಟೆ ಬಿಡುವಿರುವವರಿಗೆ ಜೆಡ್‌ಎಕ್ಸ್81: 1 ಕೆಬಿಯ ಪ್ರೋಗ್ರಾಮ್ ಒಂದು ಕೂರಾಟದಲ್ಲಿ ಮುಗಿಯುತ್ತದೆ, ಇಡೀ ಪ್ರೋಗ್ರಾಮನ್ನು ತಲೆಯಲ್ಲೇ ಹಿಡಿದಿಡಬಹುದು.

ಎಷ್ಟು ಖರ್ಚು ಮಾಡುತ್ತೀರಿ

ದುಡ್ಡು ಹಾಕದೆ ಶುರುಮಾಡಿ. ಸ್ಪೆಕ್ಟ್ರಮ್‌ಗೆ ಫ್ಯೂಸ್, ಕಮಡೋರ್‌ಗೆ ವೈಸ್, ಬಿಬಿಸಿಗೆ ಬೀಬ್‌ಎಮ್ ಅಥವಾ ಬ್ರೌಸರಿನಲ್ಲೇ ಓಡುವ ಜೆಎಸ್‌ಬೀಬ್, ಜೆಡ್‌ಎಕ್ಸ್81ಕ್ಕೆ ಎಯ್ಟಿವನ್, ಎಲ್ಲವೂ ಉಚಿತ. ಒಂದು ತಿಂಗಳು ಒಂದೇ ಯಂತ್ರದಲ್ಲಿ ಬರೆಯಿರಿ, ವೇಗ 100 ಶೇಕಡಾ ಇರಲಿ, ಹೆಚ್ಚುವರಿ ಮೆಮೊರಿ ಬೇಡ.

ಕೀಬೋರ್ಡಿನ ಸ್ಪರ್ಶವೂ ಬೇಕೆನಿಸಿದರೆ ಎಚ್‌ಡಿಎಂಐ ಇರುವ ಮರುಸೃಷ್ಟಿಗಳಿವೆ: ಕಮಡೋರ್ ಮಾದರಿಯ ದಿ ಸಿ64, 2024ರ ದಿ ಸ್ಪೆಕ್ಟ್ರಮ್. ಇವುಗಳ ಪೈಕಿ 2018ರ ಸಿ64 ಮಿನಿ ಕೊಳ್ಳುವಾಗ ಎಚ್ಚರ, ಅದರ ಕೀಗಳು ಬರೀ ಅಚ್ಚು. ಬೇರೆ ಯುಎಸ್‌ಬಿ ಕೀಬೋರ್ಡ್ ಬೇಕು. ಬಿಬಿಸಿ ಬೇಕೆಂದವರಿಗೆ ಎಮ್ಯುಲೇಟರ್ ಬಿಟ್ಟರೆ ಅಸಲಿಯೇ ದಾರಿ.

ಅಸಲಿ ತರಿಸುವುದಾದರೆ ಬ್ರಿಟನ್ ಅಥವಾ ಯುರೋಪಿನ ಯಂತ್ರವನ್ನೇ ಆರಿಸಿ. ಅಲ್ಲಿಯದೂ ನಮ್ಮಲ್ಲಿನಂತೆ ಪ್ಯಾಲ್ ಬಗೆಯ ಟಿವಿ ಚಿತ್ರ, 50 ಹರ್ಟ್ಜ್, ನಮ್ಮ 230 ವೋಲ್ಟಿಗೆ ಹೊಂದುತ್ತದೆ. ಅಮೆರಿಕದ ಕಮಡೋರ್ ತಂದರೆ ಟ್ರಾನ್ಸ್‌ಫಾರ್ಮರ್ ಬೇಕು, ಎನ್‌ಟಿಎಸ್‌ಸಿ ಟಿವಿ ಬೇಕು, ಪ್ಯಾಲ್‌ಗೆ ಬರೆದ ಪ್ರೋಗ್ರಾಮುಗಳ ಸಮಯವೂ ತಪ್ಪುತ್ತದೆ. ಸಾಗಣೆ ಮತ್ತು ಸುಂಕ ಸೇರಿದ ಮೇಲೆ ಬೆಲೆ ಎಷ್ಟಾಗುತ್ತದೆ ಎಂದು ಮೊದಲೇ ಲೆಕ್ಕ ಹಾಕಿ.

ಬಂದ ಪೆಟ್ಟಿಗೆಯನ್ನು ನೇರ ಪ್ಲಗ್ಗಿಗೆ ಹಾಕಬೇಡಿ. ಕಮಡೋರ್‌ನ ಹಳೆಯ ಪವರ್ ಇಟ್ಟಿಗೆ ಎಪಾಕ್ಸಿ ತುಂಬಿ ಮುಚ್ಚಿದ್ದು; ಅದರ 5 ವೋಲ್ಟ್ ರೆಗ್ಯುಲೇಟರ್ ಕೆಟ್ಟರೆ ವೋಲ್ಟೇಜ್ ಏರಿ ರ‍್ಯಾಮ್ ಚಿಪ್‌ಗಳನ್ನು ಸುಡುತ್ತದೆ. ಇವತ್ತು ಮೀಟರ್ ಸರಿ ತೋರಿಸಿದರೂ ನಾಳೆ ಕೈಕೊಡಬಹುದು, ಹೊಸ ಪವರ್ ಸಪ್ಲೈಯನ್ನೇ ಕೊಳ್ಳಿ. ಬಿಬಿಸಿಯ ಪವರ್ ಸಪ್ಲೈ ಬಿಚ್ಚಿ, 0.01 ಮತ್ತು 0.1 ಮೈಕ್ರೊಫ್ಯಾರಡ್‌ನ ಹಳೆಯ ಕಾಗದದ ಕೆಪಾಸಿಟರುಗಳನ್ನು ಹೊಸ ಎಕ್ಸ್2 ದರ್ಜೆಯವುಗಳಿಂದ ಬದಲಿಸಿ. ಬಿಟ್ಟರೆ ಢಬ್ಬೆಂದು ಸಿಡಿದು ಮನೆಯೆಲ್ಲ ಸುಟ್ಟ ವಾಸನೆ. ಇದು ಮೇನ್ಸ್ ವಿದ್ಯುತ್ತಿನ ಭಾಗ, ಗೊತ್ತಿರುವವರಿಂದಲೇ ಮಾಡಿಸಿ. ಸ್ಪೆಕ್ಟ್ರಮ್‌ಗೆ 9 ವೋಲ್ಟ್, ನಡುವಿನ ಪಿನ್ ಋಣ. ಇಂದಿನ ಬಹುಪಾಲು ಅಡಾಪ್ಟರುಗಳಲ್ಲಿ ನಡುವೆ ಧನ ಇರುವುದರಿಂದ ಸಿಕ್ಕಿದ್ದನ್ನು ಸಿಕ್ಕಿಸಬೇಡಿ. ಒಳಗೆ ಕೆಳಗಿನ 16 ಕೆಬಿಯ 4116 ಚಿಪ್‌ಗಳಿಗೆ +5, +12, −5 ಮೂರೂ ಬರುತ್ತಿವೆಯೇ ಅಳೆಯಿರಿ. −5 ಇಲ್ಲದೆ ಓಡಿಸಿದರೆ ಆ ಚಿಪ್‌ಗಳು ಸಾಯುತ್ತವೆ. ಹಾಳೆಯಂಥ ಕೀಬೋರ್ಡ್ ಮೆಂಬ್ರೇನ್ ಇಷ್ಟು ವರ್ಷಕ್ಕೆ ಒಣಗಿ ಬಿರಿದಿರುತ್ತದೆ, ಹೊಸದು ಸಿಗುತ್ತದೆ, ಯಂತ್ರದ ಜೊತೆಗೇ ಒಂದು ತರಿಸಿ. ಜೆಡ್‌ಎಕ್ಸ್81ರ ಮೊದಲ ತಲೆಮಾರಿನ ಯುಎಲ್‌ಎ ಚಿಪ್ ಇದ್ದರೆ ಹೊಸ ಟಿವಿಯಲ್ಲಿ ಚಿತ್ರ ಕಪ್ಪಾಗಿ ಕಾಣಬಹುದು. ಯಂತ್ರ ಕೆಟ್ಟಿಲ್ಲ, ಸಿಗ್ನಲ್‌ನಲ್ಲಿ ಕಪ್ಪಿನ ಮಟ್ಟ ತಿಳಿಸುವ ಸಣ್ಣ ಭಾಗ ಇರುವುದಿಲ್ಲ ಅಷ್ಟೆ. ಅದನ್ನು ತುಂಬುವ ಪುಟ್ಟ ಬೋರ್ಡ್ ಹಾಕಿಸಿದರೆ ಅಕ್ಷರ ಮೂಡುತ್ತದೆ.